ಶಿಕ್ಷೆ: ಪಾಠವೋ, ಪೆಟ್ಟೋ?

ನಮ್ಮ ಆಫೀಸಿನಲ್ಲಿ ಲಖನೌ ಕಡೆಯ ಗೆಳೆಯನೊಬ್ಬ ಇದ್ದಾನೆ. ಕನ್ನಡ ಓದಲು ಬರಲೇಬೇಕು ಅಂತ ಹಟ ಹಿಡಿದು ಅಕ್ಷರ ಕಲಿತವನು. ಬೆಳಿಗ್ಗೆ ಕ್ಯಾಂಟೀನಿನಲ್ಲಿ ಕಾಫಿ ಮುಂದಿಟ್ಟುಕೊಂಡು ಪೇಪರಿನ ತಲೆಬರಹಗಳನ್ನು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾನೆ. ಒಂದು ದಿನ 'ಮೂವರಿಗೆ ಜೀವಾವಧಿ ಶಿಕ್ಷೆ' ಅನ್ನುವುದನ್ನು ಎರಡು ನಿಮಿಷ ಒದ್ದಾಡಿ ಓದಿ ಮುಗಿಸಿದ. ಆಮೇಲೆ ಕಣ್ಣರಳಿಸಿ ಕೇಳಿದ: "ಜೀವನಪೂರ್ತಿ ಓದಿಸ್ತಾರಾ? ಒಳ್ಳೆ ಸ್ಕೀಮ್. ಆದ್ರೆ ಮೂರೇ ಜನಕ್ಕೆ ಯಾಕೆ?"

ನಗು ತಡೆಯಲಾಗದೆ ನನ್ನ ಕಾಫಿ ಚೆಲ್ಲಿತು. ಆದರೆ ಅವನದೇನೂ ತಪ್ಪಿರಲಿಲ್ಲ. ಹಿಂದಿಯಲ್ಲಿ 'ಶಿಕ್ಷಾ' ಅಂದರೆ ಓದು, ವಿದ್ಯಾಭ್ಯಾಸ. ಅಲ್ಲಿನ ಶಿಕ್ಷಾ ಮಂತ್ರಿ ಅಂದರೆ ನಮ್ಮ ಶಿಕ್ಷಣ ಸಚಿವರು. ಬಂಗಾಳಿಯಲ್ಲೂ ಅದೇ ಅರ್ಥ. ಅದೇ ಪದ ದಕ್ಷಿಣಕ್ಕೆ ಬರುವಷ್ಟರಲ್ಲಿ ಅದರ ಕೈಗೆ ಬೆತ್ತ ಬಂದಿದೆ. ಮರಾಠಿಯ ಶಿಕ್ಷಾ, ತೆಲುಗಿನ ಶಿಕ್ಷ, ಮಲಯಾಳದ ಶಿಕ್ಷ, ನಮ್ಮ ಶಿಕ್ಷೆ, ಎಲ್ಲವೂ ತಪ್ಪು ಮಾಡಿದವನಿಗೆ ಸಿಗುವಂಥವು.

ಕೇಂದ್ರ ಸರ್ಕಾರ 2000ದ ಹೊತ್ತಿಗೆ 'ಸರ್ವ ಶಿಕ್ಷಾ ಅಭಿಯಾನ' ಶುರು ಮಾಡಿತಲ್ಲ, ಆ ಹೆಸರನ್ನು ಹಾಗೇ ಇಲ್ಲಿಗೆ ಎತ್ತಿಕೊಂಡು ಬಂದಿದ್ದರೆ ಊರವರು 'ಎಲ್ಲರಿಗೂ ಶಿಕ್ಷೆ' ಅಂತಲೇ ಓದಿಕೊಳ್ಳುತ್ತಿದ್ದರು. ಸದ್ಯ, ಕರ್ನಾಟಕದಲ್ಲಿ ಅದು 'ಸರ್ವ ಶಿಕ್ಷಣ ಅಭಿಯಾನ' ಆಯಿತು. ಪೆನ್ಸಿಲ್ ಮೇಲೆ ಕೂತ ಹುಡುಗ, ಹುಡುಗಿಯ ಚಿತ್ರ ಶಾಲೆ ಗೋಡೆಗಳ ಮೇಲೆ ನೆನಪಿರಬಹುದು. 2018ರಲ್ಲಿ ಬಂದ 'ಸಮಗ್ರ ಶಿಕ್ಷಾ' ಕೂಡ ಇಲ್ಲಿ 'ಸಮಗ್ರ ಶಿಕ್ಷಣ'. ಒಂದು 'ಣ' ಎಷ್ಟು ಜನರನ್ನು ಕಾಪಾಡಿದೆ ನೋಡಿ.

ಹಾಗಾದರೆ ಈ ಪದದ ಮೂಲ ಅರ್ಥ ಯಾವುದು? ಓದೇ. ಸಂಸ್ಕೃತದಲ್ಲಿ ಒಂದು ಕೆಲಸ ಮಾಡಬೇಕೆಂಬ ಆಸೆಯನ್ನು ಹೇಳಲು ಧಾತುವನ್ನೇ, ಅಂದರೆ ಕ್ರಿಯಾಪದದ ಬೇರನ್ನೇ, ಸ್ವಲ್ಪ ಮಾರ್ಪಡಿಸುತ್ತಾರೆ. ಕುಡಿಯುವ ಆಸೆ ಪಿಪಾಸೆ. ತಿಳಿಯುವ ಆಸೆ ಜಿಜ್ಞಾಸೆ. ಕೇಳಿಸಿಕೊಳ್ಳುವ ಆಸೆ ಶುಶ್ರೂಷೆ. ಹಿರಿಯರ ಮಾತು ಕೇಳುತ್ತಾ ಹತ್ತಿರ ಕೂತವನು ಕಾಲೊತ್ತಿ ಸೇವೆಯನ್ನೂ ಮಾಡಿದ, ಈಗ ಅದು ಆಸ್ಪತ್ರೆಯ ಪದ. ಇದೇ ಸಾಲಿನಲ್ಲಿ ಬರುವುದು ಶಿಕ್ಷೆ. 'ಶಕ್' ಅಂದರೆ ಸಾಧ್ಯವಾಗು, ಕೈಲಾಗು. ಶಕ್ತಿ, ಶಕ್ಯ ಎಲ್ಲ ಅದರ ಮಕ್ಕಳು. 'ನನ್ನ ಕೈಲೂ ಆಗಬೇಕು' ಅನ್ನುವ ಆಸೆಯೇ ಶಿಕ್ಷೆ. ಸೈಕಲ್ ಕಲಿಯುವ ಹುಡುಗ ಮಂಡಿ ತರಚಿಕೊಂಡು ಮತ್ತೆ ಪೆಡಲ್ ಮೇಲೆ ಕಾಲಿಡುತ್ತಾನಲ್ಲ, ಅದು.

ವೇದ ಓದುವವರಿಗೆ ಆರು ವೇದಾಂಗಗಳಿವೆ. ಅದರಲ್ಲಿ ಒಂದರ ಹೆಸರೇ ಶಿಕ್ಷಾ. ಅದು ಉಚ್ಚಾರಣೆಯ ಶಾಸ್ತ್ರ. ಯಾವ ಅಕ್ಷರ ಬಾಯಿಯ ಯಾವ ಜಾಗದಿಂದ ಹುಟ್ಟಬೇಕು, ಯಾವ ಸ್ವರ ಎತ್ತಬೇಕು, ಯಾವುದು ತಗ್ಗಿಸಬೇಕು ಅನ್ನುವುದೆಲ್ಲ ಅಲ್ಲಿ ಬರುತ್ತದೆ. ತೈತ್ತಿರೀಯ ಉಪನಿಷತ್ತಿನ ಮೊದಲ ಭಾಗಕ್ಕೂ ಇದೇ ಹೆಸರು, ಶೀಕ್ಷಾವಲ್ಲಿ. ಅಲ್ಲಿ 'ಶೀ' ದೀರ್ಘ. ಉಚ್ಚಾರಣೆ ಕಲಿಸುವ ಪಾಠದ ಹೆಸರನ್ನೇ ಎಳೆದು ಹೇಳಬೇಕು!

ಪಾಣಿನೀಯ ಶಿಕ್ಷಾ ಅನ್ನುವ ಉಚ್ಚಾರಣೆಯ ಗ್ರಂಥದಲ್ಲಿ ಒಂದು ಶ್ಲೋಕ ಹಳೆಯ ಕಥೆಯ ಕಡೆಗೆ ಬೊಟ್ಟು ಮಾಡುತ್ತದೆ. ದೇವಶಿಲ್ಪಿ ತ್ವಷ್ಟೃವಿಗೆ ಇಂದ್ರನನ್ನು ಕೊಲ್ಲುವ ಮಗ ಬೇಕಿತ್ತು. ಹೋಮ ಮಾಡಿ 'ಇಂದ್ರಶತ್ರು, ಬೆಳೆ' ಅಂದ. ಸ್ವರದ ಒತ್ತು ಪದದ ಕೊನೆಗೆ ಬಿದ್ದರೆ 'ಇಂದ್ರನನ್ನು ಕೊಲ್ಲುವವನು' ಅಂತ ಅರ್ಥ. ಮೊದಲಿಗೆ ಬಿದ್ದರೆ 'ಇಂದ್ರನಿಂದ ಸಾಯುವವನು'. ಒತ್ತು ಬಿದ್ದದ್ದು ಮೊದಲಿಗೆ. ಹುಟ್ಟಿದ ವೃತ್ರ ಇಂದ್ರನ ಕೈಯಲ್ಲೇ ಸತ್ತ. ಈ ಸ್ವರದ ತಪ್ಪಿಗೆ ಆ ಶ್ಲೋಕ ಬಳಸುವ ಪದ ಏನು ಗೊತ್ತಾ? 'ಅಪರಾಧ'. ಇವತ್ತು ಕೋರ್ಟಿನಲ್ಲಿ ಅಕ್ಕಪಕ್ಕ ನಿಲ್ಲುವ ಅಪರಾಧ, ಶಿಕ್ಷೆ ಎರಡೂ ಅಲ್ಲೇ ಒಟ್ಟಿಗೆ ಇದ್ದವು. ಆಗ ಅಪರಾಧ ಅಂದರೆ ತಪ್ಪು ಉಚ್ಚಾರಣೆ. ಶಿಕ್ಷೆ ಅಂದರೆ ಅದನ್ನು ಸರಿ ಮಾಡುವ ವಿದ್ಯೆ.

ಇಲ್ಲಿಂದ ಬೆತ್ತದವರೆಗೆ ಪದ ಹೇಗೆ ನಡೆದು ಬಂತು ಅಂತ ತಿಳಿಯಲು ಹಳೆಯ ಓಲೆಗರಿ ಹುಡುಕಬೇಕಾಗಿಲ್ಲ. ಬೀದಿ ಜಗಳ ಕೇಳಿಸಿಕೊಂಡರೆ ಸಾಕು. "ಇರು ಮಗನೇ, ನಿಂಗೆ ಬುದ್ಧಿ ಕಲಿಸ್ತೀನಿ" ಅಂತ ಒಬ್ಬ ಕೂಗಿದರೆ ಯಾರೂ ಸ್ಲೇಟು, ಬಳಪ ತರಲು ಓಡುವುದಿಲ್ಲ. 'ಬುದ್ಧಿ ಹೇಳ್ತೀನಿ' ಅಂದರೆ ಬರೀ ಮಾತು. 'ಬುದ್ಧಿ ಕಲಿಸ್ತೀನಿ' ಅಂದರೆ ಕೈ ಮೇಲೇಳುತ್ತದೆ ಅಂತ ಅರ್ಥ. 'ತಕ್ಕ ಪಾಠ ಕಲಿಸ್ತೀವಿ' ಅಂತ ಚುನಾವಣೆ ಹೊತ್ತಿಗೆ ಭಾಷಣ ಮಾಡುವವರೂ ಶಾಲೆ ತೆರೆಯುವ ಭರವಸೆ ಕೊಡುತ್ತಿಲ್ಲ. ಕಲಿಸುವ ಪದಗಳು ಬೆದರಿಕೆಯ ಪದಗಳಾಗಲು ಎಷ್ಟು ಹೊತ್ತು ಬೇಕು? ಶಿಕ್ಷೆ ನಡೆದದ್ದೂ ಇದೇ ದಾರಿಯಲ್ಲಿ. ಕಲಿಸುವುದು, ಅಂಕೆಯಲ್ಲಿಟ್ಟು ಕಲಿಸುವುದು, ಹೊಡೆದು ಕಲಿಸುವುದು, ಕೊನೆಗೆ ಕಲಿಸುವುದು ಬಿಟ್ಟುಹೋಗಿ ಹೊಡೆಯುವುದು ಮಾತ್ರ ಉಳಿಯುವುದು.

ಕನ್ನಡ ಆಮೇಲೆ ಒಂದು ಜಾಣತನ ಮಾಡಿತು. ಪೆಟ್ಟಿಗೆ 'ಶಿಕ್ಷೆ', ಪಾಠಕ್ಕೆ 'ಶಿಕ್ಷಣ' ಅಂತ ಆಸ್ತಿ ಪಾಲು ಮಾಡಿಕೊಟ್ಟಿತು. ಮರಾಠಿಯಲ್ಲೂ ಹೀಗೇ. ಆದರೆ ಅಣ್ಣತಮ್ಮಂದಿರ ಪಾಲಿನಲ್ಲಿ ಯಾವಾಗಲೂ ಒಂದು ಮೂಲೆ ಜಾಗ ತಕರಾರಿನದ್ದು ಉಳಿಯುತ್ತದೆ, ಅಲ್ವಾ? ಇಲ್ಲೂ ಉಳಿದಿದೆ. 'ದುಷ್ಟ ಶಿಕ್ಷಣ, ಶಿಷ್ಟ ರಕ್ಷಣ' ಅಂತ ಹರಿಕಥೆಯಲ್ಲಿ, ಯಕ್ಷಗಾನದಲ್ಲಿ ಎಷ್ಟು ಸಲ ಕೇಳಿಲ್ಲ? ನರಸಿಂಹ ಹಿರಣ್ಯಕಶಿಪುವಿಗೆ ಕೊಟ್ಟದ್ದು ಯಾವ ಶಿಕ್ಷಣ ಅಂತ ಎಲ್ಲರಿಗೂ ಗೊತ್ತು. ಅಲ್ಲಿ ಶಿಕ್ಷಣ ಅಂದರೂ ದಂಡನೆಯೇ. 'ದುಷ್ಟ ಶಿಕ್ಷಕ' ಅಂದರೆ ದುಷ್ಟರನ್ನು ದಂಡಿಸುವ ದೇವರು. ಸಂದರ್ಭ ಗೊತ್ತಿಲ್ಲದ ಹುಡುಗನೊಬ್ಬ ಅದನ್ನು ತನ್ನ ಕ್ಲಾಸ್ ಮೇಷ್ಟ್ರ ವರ್ಣನೆ ಅಂದುಕೊಂಡರೆ ಬೈಯಬೇಡಿ.

'ಶಿಕ್ಷಿತ' ಅನ್ನುವ ಪದ ಇನ್ನೂ ಮಜವಾಗಿದೆ. 'ಶಿಕ್ಷಿತ ಸಮಾಜ' ಅಂದರೆ ಓದಿದವರ ಸಮಾಜ. 'ಶಿಕ್ಷಿತ ಅಪರಾಧಿ' ಅಂದರೆ ಶಿಕ್ಷೆಯಾದವನು. ಓದಿಕೊಂಡ ಕಳ್ಳ ಅಲ್ಲ. ಇಬ್ಬರ ನಡುವೆ ಗೊಂದಲ ಬೇಡ ಅಂತಲೇ ಇರಬೇಕು, ಓದಿದವರಿಗೆ 'ಸು' ಸೇರಿಸಿ ಸುಶಿಕ್ಷಿತ ಅನ್ನುವ ರೂಢಿ ಜಾಸ್ತಿ.

ಶಾಲೆಯ ಟೈಮ್‌ಟೇಬಲ್ಲಿಗೆ ಬಂದರೆ ಈ ಎರಡೂ ಪದಗಳ ನಡುವೆ ಕೂದಲೆಳೆಯಷ್ಟೇ ಅಂತರ. 'ದೈಹಿಕ ಶಿಕ್ಷಣ' ಅಂದರೆ ಪೀಟಿ ಪೀರಿಯಡ್, ಮಕ್ಕಳು ಕಾಯುವ ಪೀರಿಯಡ್. 'ದೈಹಿಕ ಶಿಕ್ಷೆ' ಅಂದರೆ ಬೆತ್ತ, ಬಸ್ಕಿ, ಕಿವಿ ಹಿಂಡುವುದು, ಬೆಂಚಿನ ಮೇಲೆ ನಿಲ್ಲಿಸುವುದು. ಮೊದಲನೆಯದಕ್ಕೆ ಸರ್ಕಾರ ಸಂಬಳ ಕೊಡುತ್ತದೆ. ಎರಡನೆಯದನ್ನು ಕಾನೂನು ನಿಷೇಧಿಸಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಇದನ್ನು ನೇರವಾಗಿ ಹೇಳುತ್ತದೆ: ಯಾವ ಮಗುವಿಗೂ ದೈಹಿಕ ಶಿಕ್ಷೆ ಕೊಡಬಾರದು, ಮಾನಸಿಕ ಕಿರುಕುಳವನ್ನೂ ಕೊಡಬಾರದು. ಕೊಟ್ಟರೆ ಸೇವಾ ನಿಯಮದ ಪ್ರಕಾರ ಶಿಸ್ತುಕ್ರಮ. ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಸೆಕ್ಷನ್ನಿನ ಎರಡನೇ ಅರ್ಧವನ್ನು ಜನ ಓದುವುದೇ ಇಲ್ಲ. ಹೊಡೆಯದೆ, ಇಡೀ ಕ್ಲಾಸಿನ ಮುಂದೆ 'ನಿಮ್ಮಪ್ಪ ಕೂಲಿ ಮಾಡಿ ಓದಿಸ್ತಿರೋದು ಇದಕ್ಕೇನಾ' ಅಂತ ಚುಚ್ಚುವುದೂ ಅಲ್ಲಿ ಬರುತ್ತದೆ.

ಉತ್ತರ ಕರ್ನಾಟಕದ ಕಡೆ ಹಳಬರ ಬಾಯಲ್ಲಿ 'ಛಡಿ ಚಂ ಚಂ, ವಿದ್ಯಾ ಘಂ ಘಂ' ಅನ್ನುವ ಮಾತು ಇನ್ನೂ ಇದೆ. ಬೆತ್ತ ಬಿದ್ದರೆ ವಿದ್ಯೆ ಘಮಘಮಿಸುತ್ತದಂತೆ. ಮರಾಠಿ ಕಡೆಯಿಂದ ಬಂದ ಮಾತು. ಅದನ್ನು ಹೇಳುವಾಗ ಎಲ್ಲರ ಮುಖದಲ್ಲೂ ನಗು ಇರುತ್ತದೆ. ಪೆಟ್ಟು ತಿಂದು ಶಾಲೆ ಬಿಟ್ಟವರು ಆ ಗುಂಪಿನಲ್ಲಿ ಕೂತು ಹೇಳುವುದನ್ನು ಮಾತ್ರ ನಾನು ನೋಡಿಲ್ಲ.

ಈಗ ಶಿಕ್ಷೆಯ ಪಕ್ಕದ ಮನೆಯವರನ್ನು ನೋಡೋಣ. ಮೊದಲನೆಯದು ದಂಡ. ಇದಕ್ಕೆ ಒಳಗೊಂದು ಹೊರಗೊಂದು ಇಲ್ಲ. ದಂಡ ಅಂದರೆ ಕೋಲು, ಅಷ್ಟೇ. ಕೋಲು ಹಿಡಿದವನಿಗೆ ಅಧಿಕಾರ, ಅವನು ಕೊಡುವುದು ದಂಡನೆ, ಅವನ ಹಿಂದೆ ನಡೆಯುವ ಸೈನ್ಯ ದಂಡು. ಬೆಂಗಳೂರಿನ ದಂಡು ಪ್ರದೇಶ ಅದೇ. ಅರ್ಥಶಾಸ್ತ್ರದಲ್ಲಿ ಕೌಟಿಲ್ಯ ಹೇಳುವ ಲೆಕ್ಕ ಸರಳವಾಗಿದೆ: ದಂಡ ಅತಿಯಾದರೆ ಜನ ಹೆದರಿ ತಲ್ಲಣಿಸುತ್ತಾರೆ, ಸಡಿಲವಾದರೆ ರಾಜನನ್ನು ಲೆಕ್ಕಕ್ಕಿಡುವುದಿಲ್ಲ, ತಕ್ಕಷ್ಟಿದ್ದರೆ ಗೌರವಿಸುತ್ತಾರೆ. ಮನುಸ್ಮೃತಿ ನಾಲ್ಕು ಮೆಟ್ಟಿಲು ಹೇಳುತ್ತದೆ. ಮೊದಲು ಮಾತಿನ ದಂಡ, ಆಮೇಲೆ ಛೀಮಾರಿ, ಮೂರನೆಯದು ಹಣ, ಕೊನೆಗೆ ಮೈಗೆ ಕೊಡುವ ದಂಡನೆ. ಆ ಮೊದಲ ಮೆಟ್ಟಿಲು ಇವತ್ತೂ ನಮ್ಮ ಜೊತೆ ಇದೆ. ರಾಷ್ಟ್ರಪತಿಯನ್ನೋ ನ್ಯಾಯಮೂರ್ತಿಯನ್ನೋ ಸಂಸತ್ತು ಪದಚ್ಯುತಗೊಳಿಸುವ ಪ್ರಕ್ರಿಯೆಯನ್ನು ಪತ್ರಿಕೆಗಳು 'ವಾಗ್ದಂಡನೆ' ಅನ್ನುತ್ತವೆ. ಮಾತಿನ ಕೋಲು.

ಆಡುಮಾತಿನಲ್ಲಿ ದಂಡ ತೆಳ್ಳಗಾಗುತ್ತಾ ಬಂದು ಬರೀ ದುಡ್ಡಾಗಿದೆ. ಲೈಬ್ರರಿ ಪುಸ್ತಕ ತಡವಾದರೆ ದಂಡ, ಹೆಲ್ಮೆಟ್ ಇಲ್ಲದಿದ್ದರೆ ದಂಡ. ದುಡ್ಡು ಕೈಬಿಟ್ಟಿತು ಅನ್ನುವ ಸಂಕಟದಿಂದ ಇನ್ನೊಂದು ಅರ್ಥವೂ ಹುಟ್ಟಿತು: ವ್ಯರ್ಥ. 'ಸುಮ್ನೆ ಐನೂರು ದಂಡ ಆಯ್ತು' ಅನ್ನುವಾಗ ಯಾವ ಪೊಲೀಸರೂ ಇರುವುದಿಲ್ಲ, ಸಿನಿಮಾ ಚೆನ್ನಾಗಿರಲಿಲ್ಲ ಅಷ್ಟೇ. ಕೆಲಸಕ್ಕೆ ಬಾರದವನು ದಂಡಪಿಂಡ. ರಾಜದಂಡದಿಂದ ದಂಡಪಿಂಡದವರೆಗೆ ಒಂದೇ ಪದ ಇಳಿದು ಬಂದಿದೆ. 2023ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದಲ್ಲಿ ಬಾಕಿ ಟ್ರಾಫಿಕ್ ದಂಡ ಕಟ್ಟಲು ಶೇ 50 ರಿಯಾಯಿತಿ ಕೊಟ್ಟಾಗ ಜನ ಕ್ಯೂ ನಿಂತು ಕಟ್ಟಿದರು. ದಂಡಕ್ಕೂ ಆಫರ್ ಬರುತ್ತದೆ ಅಂತ ಕೌಟಿಲ್ಯನಿಗೂ ಹೊಳೆದಿರಲಿಕ್ಕಿಲ್ಲ.

ಕೋರ್ಟಿನ ಕನ್ನಡದಲ್ಲಿ ಈ ಹಣದ ದಂಡಕ್ಕೆ 'ಜುಲ್ಮಾನೆ' ಅನ್ನುವ ಪದವೂ ಇದೆ. ಪಾರ್ಸಿ ಕಡೆಯಿಂದ ಬಂದದ್ದು. ಅದರ ಜೊತೆ ಬಂದ ಇನ್ನೊಂದು 'ಸಜಾ'. ಜೈಲಿನ ಒಳಗೆ ಇವತ್ತೂ ಓಡಾಡುವ ಪದ ಅದು. ಶಿಕ್ಷೆಯಾದವನು ಸಜಾ ಬಂದಿ, ಕೇಸು ಇನ್ನೂ ನಡೆಯುತ್ತಿರುವವನು ವಿಚಾರಣಾಧೀನ ಕೈದಿ.

ಎರಡನೆಯವಳು ಶಾಸ್ತಿ. ನನಗೆ ತುಂಬ ಇಷ್ಟದ ಪದ. 'ಶಾಸ್' ಅನ್ನುವ ಧಾತುವಿನಿಂದ ಬಂದದ್ದು. ತಿದ್ದು, ಕಲಿಸು, ಆಳು, ದಂಡಿಸು, ನಾಲ್ಕೂ ಅರ್ಥ ಅದರ ಒಳಗೇ ಇವೆ. ಅದರ ಸಂಸಾರ ನೋಡಿ: ಶಾಸ್ತ್ರ, ಶಾಸನ, ಶಾಸಕ, ಶಿಷ್ಯ, ಶಿಷ್ಟ, ಅನುಶಾಸನ. ವಿಧಾನಸೌಧದ ಶಾಸಕರೂ ಪಾಠ ಹೇಳಿಸಿಕೊಳ್ಳುವ ಶಿಷ್ಯನೂ ಒಂದೇ ಬೇರಿನವರು. ಹಲ್ಮಿಡಿಯಿಂದ ಹಿಡಿದು ನಮ್ಮ ಕಲ್ಲಿನ ಶಾಸನಗಳು ದಾನದ ವಿವರ ಹೇಳಿ ಸುಮ್ಮನಾಗುವುದಿಲ್ಲ. ಇದನ್ನು ಕೆಡಿಸಿದವನಿಗೆ ಮಹಾಪಾಪ ಅಂತ ಎಚ್ಚರಿಸಿಯೇ ಮುಗಿಸುತ್ತವೆ. ಎಷ್ಟೋ ಶಾಸನಗಳಲ್ಲಿ ವಾರಣಾಸಿಯಲ್ಲಿ ಸಾವಿರ ಕವಿಲೆ ಹಸು ಕೊಂದ ಪಾಪ. ಪೊಲೀಸರಿಲ್ಲದ ಜಾಗದಲ್ಲಿ ಶಾಪವೇ ಕಾವಲು.

'ಶಾಸ್ತಿ ಆಯ್ತು' ಅಂತ ನಾವು ಹೇಳುವುದು ಯಾವಾಗ? ನ್ಯಾಯಾಧೀಶರು ತೀರ್ಪು ಕೊಟ್ಟಾಗ ಅಲ್ಲ. ಪಕ್ಕದ ಮನೆ ಮಾವಿನಕಾಯಿ ಕದಿಯಲು ಹೋಗಿ ಚಗಳಿ ಇರುವೆ ಕಚ್ಚಿಸಿಕೊಂಡು ಬಂದವನಿಗೆ ಅಜ್ಜಿ ಹೇಳುವ ಮಾತು ಅದು: "ಚೆನ್ನಾಗಿ ಶಾಸ್ತಿ ಆಯ್ತು!" ಶಿಕ್ಷೆಗೆ ಕೊಡುವವರು ಬೇಕು. ಶಾಸ್ತಿ ತಾನಾಗೇ ಆಗುತ್ತದೆ. ಅದರಲ್ಲಿ ನೋಡುವವರಿಗೆ ಒಂದು ಚಿಟಿಕೆ ಖುಷಿಯೂ ಇರುತ್ತದೆ. ಇದನ್ನು ಬೇರೆ ಭಾಷೆಗೆ ತರಲು ಹೋಗಿ ನಾನು ಪ್ರತಿಸಲವೂ ಸೋತಿದ್ದೇನೆ.

ಇನ್ನು ಕೋರ್ಟಿನ ಶಿಕ್ಷೆ. ಇಲ್ಲಿ ಪೇಪರು, ಟೀವಿಯವರು ದಿನಾ ಕಲಸುವ ಕೆಲವು ಎಳೆಗಳನ್ನು ಬಿಡಿಸಬೇಕು. 'ಆರೋಪಿಗೆ ಐದು ವರ್ಷ ಶಿಕ್ಷೆ' ಅನ್ನುವ ತಲೆಬರಹ ತಪ್ಪು. ಆರೋಪಿಗೆ ಶಿಕ್ಷೆ ಆಗುವುದಿಲ್ಲ. ತಪ್ಪು ಸಾಬೀತಾದ ಮೇಲೆ ಅವನು ಅಪರಾಧಿ, ಆಮೇಲೆ ಶಿಕ್ಷೆಯ ಪ್ರಮಾಣದ ಬಗ್ಗೆ ವಾದ, ಆಮೇಲೆ ಶಿಕ್ಷೆ. ಜೈಲಿನಲ್ಲಿದ್ದಾನೆ ಅಂದ ಮಾತ್ರಕ್ಕೆ ಶಿಕ್ಷೆ ಆಗಿದೆ ಅಂತಲೂ ಅಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ಲೆಕ್ಕದಲ್ಲಿ ದೇಶದ ಕೈದಿಗಳಲ್ಲಿ ಸುಮಾರು ಮುಕ್ಕಾಲು ಪಾಲು ವಿಚಾರಣಾಧೀನರು. ಅಂದರೆ ಕನ್ನಡದ ಲೆಕ್ಕಕ್ಕೆ ಅವರಿಗೆ ಶಿಕ್ಷೆ ಇನ್ನೂ ಆಗಿಯೇ ಇಲ್ಲ. ಅನುಭವಿಸುವುದು ಮಾತ್ರ ನಡೆದಿದೆ. ಮುಂದೆ ಶಿಕ್ಷೆಯಾದರೆ ಒಳಗೆ ಕಳೆದ ದಿನಗಳನ್ನು ಅದರಲ್ಲಿ ಕಳೆಯುತ್ತಾರೆ. ಬಿಡುಗಡೆಯಾದರೆ ಆ ದಿನಗಳನ್ನು ಎಲ್ಲಿ ಕಳೆಯುವುದು?

ಜೀವಾವಧಿ ಅಂದರೆ 14 ವರ್ಷ ಅಂತ ಊರೆಲ್ಲ ನಂಬಿದೆ. ಪದವನ್ನೇ ಬಿಡಿಸಿ ನೋಡಿ: ಜೀವ ಇರುವ ಅವಧಿ. ಕಾನೂನಿನ ಅರ್ಥವೂ ಅದೇ, ಉಸಿರಿರುವ ತನಕ. 14 ಬರುವುದು ಬೇರೆ ಕಡೆಯಿಂದ. ಮರಣದಂಡನೆಯನ್ನೂ ಕೊಡಬಹುದಾಗಿದ್ದ ಅಪರಾಧಕ್ಕೆ ಜೀವಾವಧಿ ಆಗಿದ್ದರೆ, 14 ವರ್ಷ ಒಳಗೆ ಕಳೆಯುವ ತನಕ ಸರ್ಕಾರ ಶಿಕ್ಷೆ ಕಡಿಮೆ ಮಾಡಿ ಬಿಡುವಂತಿಲ್ಲ. ಅಂದರೆ 14 ಅನ್ನುವುದು ಬಾಗಿಲು ತಟ್ಟಬಹುದಾದ ದಿನ, ಬಾಗಿಲು ತೆರೆಯುವ ದಿನವಲ್ಲ. ತೆರೆದಾಗ ಪತ್ರಿಕೆಯಲ್ಲಿ ಬರುವ ಪದ 'ಸನ್ನಡತೆ'. ಸನ್ನಡತೆ ಆಧಾರದ ಮೇಲೆ ಬಿಡುಗಡೆ.

ಹೆಸರುಗಳಲ್ಲೂ ಗಾಳಿ ಬದಲಾಗುತ್ತಿದೆ. 1860ರ ಭಾರತೀಯ ದಂಡ ಸಂಹಿತೆ ಹೋಗಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ತಲೆಬರಹದಿಂದ ಕೋಲು ಕೆಳಗಿಳಿದಿದೆ. ಒಳಗೆ ಗಲ್ಲು, ಜೀವಾವಧಿ, ಕಠಿಣ ಸಜೆ, ಸಾದಾ ಸಜೆ, ಆಸ್ತಿ ಮುಟ್ಟುಗೋಲು, ಜುಲ್ಮಾನೆ ಎಲ್ಲ ಹಾಗೇ ಇವೆ. ಹೊಸದಾಗಿ ಸೇರಿದ್ದು ಒಂದು: ಸಮುದಾಯ ಸೇವೆ. ಕುಡಿದು ಸಾರ್ವಜನಿಕವಾಗಿ ಗಲಾಟೆ ಮಾಡಿದವನಿಗೆ, ಮೊದಲ ಸಲ ಐದು ಸಾವಿರಕ್ಕಿಂತ ಕಡಿಮೆ ಬೆಲೆಯದನ್ನು ಕದ್ದು ವಾಪಸ್ ಕೊಟ್ಟವನಿಗೆ, ಇಂಥ ಕೆಲವರಿಗೆ ಜೈಲಿನ ಬದಲು ಊರಿಗೆ ಉಪಯೋಗವಾಗುವ ಕೆಲಸ. ಜೈಲು ಇಲಾಖೆಯ ಹೆಸರಿನಲ್ಲೂ ಈಗ 'ಸುಧಾರಣೆ' ಅನ್ನುವ ಪದ ಇದೆ. ಬೋರ್ಡು ಬದಲಾದಷ್ಟು ಬೇಗ ಒಳಗಿನದು ಬದಲಾಗುತ್ತದೆ ಅಂತ ನಾನೇನೂ ನಂಬುವುದಿಲ್ಲ.

ಇಷ್ಟೆಲ್ಲ ಹೊರಗಿನಿಂದ ಬಂದ ಪದಗಳಾದವು. ಕನ್ನಡದ್ದೇ ಆದ ಪದ ಇಲ್ಲವಾ? ಇದೆ: ತಿದ್ದು. 'ಲೋಕದ ಡೊಂಕ ನೀವೇಕೆ ತಿದ್ದುವಿರಿ' ಅಂತ 12ನೇ ಶತಮಾನದಲ್ಲೇ ಬಸವಣ್ಣ ಕೇಳಿದ ಪದ. ಸಂಸತ್ತು ಸಂವಿಧಾನಕ್ಕೆ ಮಾಡುವುದು ತಿದ್ದುಪಡಿ. ಅಪ್ಪ ಮಗನಿಗೆ ಹೇಳುವುದು ತಿದ್ದಿಕೋ. ಆದರೆ ಈ ಪದ ಮಕ್ಕಳ ಕೈಗೆ ಮೊದಲು ಸಿಗುವುದು ಸ್ಲೇಟಿನ ಮೇಲೆ. ಅಮ್ಮ ದೊಡ್ಡದಾಗಿ 'ಅ' ಬರೆದುಕೊಡುತ್ತಾಳೆ. ಮಗು ಅದರ ಮೇಲೇ ಬಳಪ ಓಡಿಸುತ್ತದೆ. ಗೆರೆ ದಪ್ಪಗಾಗಿ, ಬಳಪದ ಪುಡಿ ಅಂಗೈಗೆಲ್ಲ ಮೆತ್ತಿ, ಕೊನೆಗೆ ಅಕ್ಷರ ಯಾವುದು ಅಂತಲೇ ಗೊತ್ತಾಗದ ಹಾಗೆ ಆಗುತ್ತದೆ. ಅದಕ್ಕೂ ತಿದ್ದುವುದು ಅನ್ನುತ್ತೇವೆ. ಅಲ್ಲಿ ಮಗು ಇನ್ನೂ ಯಾವ ತಪ್ಪನ್ನೂ ಮಾಡಿಲ್ಲ. ತಪ್ಪೇ ಇಲ್ಲದ ತಿದ್ದುವಿಕೆ ಅದು. ಹಿರಿಯರ ಗೆರೆಯ ಮೇಲೆ ತನ್ನ ಗೆರೆ ಎಳೆಯುವುದು, 'ನನ್ನ ಕೈಲೂ ಆಗಬೇಕು' ಅಂತ. ಶಿಕ್ಷೆಯ ಹಳೆಯ ಅರ್ಥವನ್ನು ಕನ್ನಡದ ಈ ಸಣ್ಣ ಪದ ಇನ್ನೂ ಜೋಪಾನವಾಗಿ ಇಟ್ಟುಕೊಂಡಿದೆ ಅಂತ ನನಗನ್ನಿಸುತ್ತದೆ.

ನನ್ನ ಗೆಳೆಯನಿಗೆ ಇಷ್ಟನ್ನೂ ಹೇಳಿದೆ. ಎಲ್ಲ ಕೇಳಿ ಅವನು ಕೇಳಿದ್ದು ಒಂದೇ ಪ್ರಶ್ನೆ: "ಇಂಪೊಸಿಷನ್‌ಗೆ ಏನಂತೀರಿ? ಅದು ಶಿಕ್ಷೆನಾ, ಶಿಕ್ಷಣನಾ?"

ನಾನು ಐದನೇ ಕ್ಲಾಸಿನಲ್ಲಿದ್ದಾಗ ಪ್ರಬಂಧದಲ್ಲಿ 'ಸಿಕ್ಷಕರು' ಅಂತ ಬರೆದಿದ್ದೆ. ನಮ್ಮ ಮನೆ ಕಡೆ 'ಶ' ನಾಲಿಗೆಗೆ ಸುಲಭವಾಗಿ ಹತ್ತುವುದಿಲ್ಲ. ಮೇಷ್ಟ್ರು ಹೊಡೆಯಲಿಲ್ಲ. ಕೆಂಪು ಇಂಕಿನಲ್ಲಿ ಸುತ್ತು ಹಾಕಿ, 'ಶಿಕ್ಷಕರು' ಅಂತ ಐವತ್ತು ಸಲ ಬರೆದುಕೊಂಡು ಬಾ ಅಂದರು. ಸಂಜೆ ಜಗಲಿಯಲ್ಲಿ ಕೂತು ಬರೆದೆ. ಬೇಗ ಮುಗಿಯಲಿ ಅಂತ ಮೊದಲು ಐವತ್ತು 'ಶಿ' ಸಾಲಾಗಿ ಕೆಳಗಿಳಿಸಿ, ಆಮೇಲೆ ಐವತ್ತು 'ಕ್ಷ', ಹೀಗೆ. ಮೂವತ್ತರ ಸುಮಾರಿಗೆ ಲೈಟು ಹೋಯಿತು. ಮರುದಿನ ಮೇಷ್ಟ್ರು ಸಹಿ ಹಾಕಿದ ಮೇಲೆ ನೋಡಿಕೊಂಡೆ. ಕತ್ತಲಲ್ಲಿ ಬರೆದ ಅಷ್ಟೂ ಸಾಲಿನಲ್ಲಿ 'ಸಿ' ಇತ್ತು.